ಊಟದ ಖಾನೆಯಲ್ಲಿ ಬರೆದ ಹಲಾಲ್

ಕೋವಿಡ್ ಕಳೆದ ಎರಡನೇ ಚಳಿಗಾಲ. ಕುವೈತ್‌ನಲ್ಲಿ ನಾನಾಗ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಯಜಮಾನ, ಅಬು ಸಾಲೆಂ ಅವರ ಖಾಸಗಿ ಕಾರ್ಯದರ್ಶಿ. ಖೈತಾನ್‌ನ ಮನೆಯಿಂದ ಅವರ ಆಫೀಸಿಗೆ ಇಪ್ಪತ್ತೆರಡು ವರ್ಷ ಓಡಾಡಿದ್ದೆ. ಅವರ ಸಹಿಯೊಂದು ಬಿಟ್ಟು ಉಳಿದದ್ದೆಲ್ಲ ಬರೆಯುವವನು ನಾನೇ ಎಂಬ ಜಂಬವೂ ಇತ್ತು.

ಆ ವರ್ಷ ಅವರಿಗೆ ಅಮೆರಿಕದಲ್ಲಿ ಮ್ಯೂಲ್ ಡಿಯರ್ ಬೇಟೆಯಾಡುವ ಆಸೆ ಹುಟ್ಟಿತು. ಹೇಸರಗತ್ತೆಯಂಥ ಉದ್ದ ಕಿವಿಯ ಜಿಂಕೆ ಅದು. ಖಾಸಗಿ ರ‍್ಯಾಂಚ್‌ನಲ್ಲಿ, ಪರವಾನಗಿ ಪಡೆದು, ಗೈಡ್ ಜೊತೆಗೆ ಬೇಟೆ. ತಲೆಯನ್ನು ಟ್ಯಾಕ್ಸಿಡರ್ಮಿ ಮಾಡಿಸಿ, ಅಂದರೆ ಚರ್ಮ ಹದಮಾಡಿ ಜೀವಂತ ಕಾಣುವಂತೆ ತುಂಬಿಸಿ ತರುತ್ತೇನೆಂದು ಸ್ನೇಹಿತರಿಗೆಲ್ಲ ಸಾರಿಯಾಗಿತ್ತು. ಅವರೆಲ್ಲ ಸೇರಿ ಹರಟುವ ದಿವಾನಿಯಾದ ಗೋಡೆಯಲ್ಲಿ ಜಾಗವೂ ತೆರವಾಗಿತ್ತು. ರ‍್ಯಾಂಚ್‌ನ ಫಾರಂ ತುಂಬಿದವನು ನಾನು. ಊಟದ ಖಾನೆಯಲ್ಲಿ ‘ಹಲಾಲ್’ ಎಂದು ಬರೆದು ಕೈತೊಳೆದುಕೊಂಡೆ.

ಒಂದು ಸಂಜೆ ಆರಕ್ಕೆ, ಅಲ್ಲಿ ಬೆಳಿಗ್ಗೆ ಎಂಟು, ಗೈಡ್‌ನ ಫೋನ್ ಬಂತು.

“ಗುಂಡು ತಗುಲಿದ ಜಿಂಕೆ ಇನ್ನೂ ಉಸಿರಾಡುತ್ತಿದೆ. ನಿಮ್ಮ ಯಜಮಾನರು ಗಂಟಲು ಕೊಯ್ಯಲು ಚಾಕು ತೆಗೆದಿದ್ದಾರೆ. ಅಲ್ಲಿ ಕೊಯ್ದರೆ ಕತ್ತಿನ ಚರ್ಮ ಸೀಳಿ ಗೋಡೆಗಿಡುವ ತಲೆ ಹಾಳು. ಅವರ ಕೈ ಹಿಡಿದು ನಿಲ್ಲಿಸಿದ್ದೇನೆ!”

ಬಿಸ್ಮಿಲ್ಲಾ ಹೇಳಿ ಹೊಡೆದ ಗುಂಡಿಗೇ ಪ್ರಾಣ ಹೋದರೆ ಸರಿ. ಹತ್ತಿರ ಹೋದಾಗ ಜೀವವಿದ್ದರೆ ಕೊಯ್ಯಲೇಬೇಕು. ಇಲ್ಲವಾದರೆ ಅವರು ತಿನ್ನುವಂತಿಲ್ಲ. ದಿವಾನಿಯಾದಲ್ಲಿ ಎಷ್ಟೋ ಸಲ ಕೇಳಿದ ಮಾತಿದು. ಆದರೂ ಹಲಾಲ್ ನನಗೆ ತಟ್ಟೆಯ ವಿಷಯವಾಗಿತ್ತು. ರ‍್ಯಾಂಚ್‌ನವರು ಹಂದಿಮಾಂಸ ಬಡಿಸಲಿಲ್ಲ, ಅಷ್ಟೇ. ಕೊಯ್ಯುವ ವಿಷಯ ಗೈಡ್‌ಗೆ ನಾನು ತಿಳಿಸಿರಲೇ ಇಲ್ಲ.

ಅಬು ಸಾಲೆಂಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಗೈಡ್ ಫೋನನ್ನು ಅವರ ಕಿವಿಗೆ ಹಿಡಿದ.

“ಬಾಬಾ, ಕೊಯ್ದರೆ ತಲೆ ಗೋಡೆಗೆ ಬರೋದಿಲ್ಲವಂತೆ,” ಎಂದೆ.

“ಪ್ರಾಣಿ ಒದ್ದಾಡ್ತಿದೆ, ನೀನು ಗೋಡೆಯ ಮಾತಾಡ್ತೀಯಲ್ಲ! ಕೈ ಬಿಡು ಅನ್ನು ಇವನಿಗೆ. ಯಲ್ಲಾ, ಬೇಗ!”

ಹೇಳಿದೆ. ಗೈಡ್ ಕೈಬಿಟ್ಟ. ಫೋನಿನಲ್ಲಿ ಬಿಸ್ಮಿಲ್ಲಾ ಕೇಳಿಸಿತು, ಆಮೇಲೆ ಬರೀ ಗಾಳಿ.

ಅವರು ಮರಳಿದ ದಿನ ಏರ್‌ಪೋರ್ಟಿನಲ್ಲೇ ತಪ್ಪೊಪ್ಪಿಕೊಂಡೆ. ತಲೆ ಹೋದದ್ದಕ್ಕಿಂತ, ಆ ಎರಡು ನಿಮಿಷ ಜಿಂಕೆ ನರಳಿದ್ದು ನನ್ನ ಫಾರಮ್ಮಿನಿಂದ ಎಂಬುದೇ ನನ್ನನ್ನು ಚುಚ್ಚುತ್ತಿತ್ತು. “ಖಲಾಸ್,” ಎಂದು ಬೆನ್ನು ತಟ್ಟಿದರು. ಅದೇ ಮಾಂಸದಿಂದ ಅಲ್ಲೇ ಮಚ್ಬೂಸ್ ಅನ್ನ ಮಾಡಿ ಬಡಿಸಿದ್ದರಂತೆ. ಗೈಡ್ ಎರಡು ಸಲ ಹಾಕಿಸಿಕೊಂಡನಂತೆ.

ಗೋಡೆಗೆ ಬಂದದ್ದು ಕೊಂಬು ಮಾತ್ರ. “ತಲೆ ಎಲ್ಲಿ?” ಎಂದು ಯಾರಾದರೂ ಕೇಳಿದರೆ ಅಬು ಸಾಲೆಂ ಅವರ ಬೆರಳು ನನ್ನತ್ತ ತಿರುಗುತ್ತಿತ್ತು: “ಇವನನ್ನು ಕೇಳಿ, ಊಟದ ಖಾನೆಯಲ್ಲಿಟ್ಟಿದ್ದಾನೆ.” ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಖಾನೆ ತುಂಬಿಸಿದರೆ ಕೆಲಸ ಮುಗಿಯದು, ಬರೆದದ್ದು ಆ ಕಡೆಯವರಿಗೆ ಅರ್ಥವಾಯಿತೇ ಎಂದು ಕೇಳಬೇಕು. ಇಪ್ಪತ್ತೆರಡು ವರ್ಷ ಕಲಿಸದ್ದನ್ನು ಎರಡು ನಿಮಿಷ ಕಲಿಸಿತು. ಮರುವರ್ಷದ ಫಾರಂ ಬಂದಾಗ ಪೆನ್ನು ಹಿಡಿಯುವ ಮೊದಲು ಗೈಡ್‌ಗೆ ಫೋನ್ ಮಾಡಿದೆ.

“ಗೊತ್ತು,” ಎಂದ. “ಈ ಸಲ ಅವರ ಚಾಕು ನಾನೇ ಮಸೆದಿಡ್ತೇನೆ.”