ಅಂಕಿತದ ಹಿಂದಿನ ಹೆಸರು

ತೊಂಬತ್ತರ ದಶಕದಲ್ಲಿ ಲಾಸ್ ಏಂಜಲೀಸಿನ ಒಂದು ಸಂಗೀತ ಗ್ರಂಥಾಲಯದಲ್ಲಿ ನಾನು ಕೆಲಸಕ್ಕಿದ್ದೆ. ನನ್ನ ಮೇಲಧಿಕಾರಿ ಜರ್ಮನಿಯಿಂದ ಬಂದ ಸಂಗೀತಶಾಸ್ತ್ರಜ್ಞರು. ಕೂತಲ್ಲಿ ಕೂರುವ ಜನ್ಮವಲ್ಲ. ಕರ್ತೃವಿಲ್ಲದ ಕೃತಿಯೇ ಇಲ್ಲ ಎಂಬುದು ಅವರ ಹಟ. ಕರ್ತೃವಿನ ಜಾಗದಲ್ಲಿ 'ಅಜ್ಞಾತ' ಎಂದು ಬರೆದ ಕ್ಯಾಟಲಾಗ್ ಕಾರ್ಡ್ ಕಂಡರೆ ಮೈಮೇಲೆ ಬಂದವರಂತೆ ಆಡುತ್ತಿದ್ದರು. ನಿವೃತ್ತರಾಗಿ ಸ್ಯಾನ್ ಡಿಯಾಗೋ ಸೇರಿದ ಮೇಲೂ ಚಟ ಬಿಡಲಿಲ್ಲ. ಉಡುಪಿಯಿಂದ ನನ್ನ ಅಮ್ಮ ಬಂದಿದ್ದಾಳೆಂದು ತಿಳಿದು ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಗೇ ಬಂದು ಅವಳ ಹಾಡುಗಳನ್ನು ಟೇಪ್ ಮಾಡಿಕೊಂಡು ಹೋದರು.

ಆಮೇಲೊಂದು ದಿನ ಆ ಹಾಡುಗಳಿಗೆ ಅವರು ಬರೆದ ಕಾರ್ಡಿನ ಪ್ರತಿ ಫ್ಯಾಕ್ಸಿನಲ್ಲಿ ಬಂತು. ಒಂದು ಹಾಡಿಗೆ ಕರ್ತೃ: 'ಕೃಷ್ಣ, ಉಡುಪಿ ನಿವಾಸಿ'! ನಮ್ಮ ಹಾಡುಗಳ ಕೊನೆಯ ಸಾಲಿನಲ್ಲಿ ಕವಿಯ ಗುರುತು ಇರುತ್ತದೆಂದು ಓದಿಕೊಂಡಿದ್ದ ಪುಣ್ಯಾತ್ಮರು ದೇವರನ್ನೇ ಕವಿ ಮಾಡಿಬಿಟ್ಟಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಊರಿಗೆ ವಿಮಾನ ಹತ್ತುವ ಹಿಂದಿನ ದಿನ, "ಆ ಜರ್ಮನಿಯವರ ಮನೆಗೆ ಒಮ್ಮೆ ಹೋಗಿ ಬರುವನಾ?" ಎಂದಳು.

ಫ್ರೀವೇ ತುಂಬ ಟ್ರಾಫಿಕ್. ನನಗೆ ತಲೆ ಕೆಟ್ಟಿತ್ತು. "ಇನ್ನೂ ಪ್ಯಾಕಿಂಗ್ ಆಗಿಲ್ಲ. ಫೋನ್ ಮಾಡಿದ್ರೆ ಸಾಕಿತ್ತಲ್ಲ?" ಎಂದು ಗೊಣಗಿದೆ. ಸೀಟ್ ಬೆಲ್ಟನ್ನು ಎಳೆಯುತ್ತ ಬಿಡುತ್ತ ಕೂತಿದ್ದ ಅಮ್ಮ ಸಮುದ್ರ ಕಾಣಿಸಿದ ಮೇಲೆ ಬಾಯಿಬಿಟ್ಟಳು.

"ಆ ಪದ ಕಟ್ಟಿದ್ದು ನಾನು ಮಾರಾಯ್ತಿ. ಸೊಸೆ ಕಟ್ಟಿದ್ದು ಅಂದ್ರೆ ನಿನ್ನ ಅಜ್ಜಿ ನೆಗಾಡ್ತಿದ್ರು. ಕಡೆಗೆ ದೇವರ ಅಂಕಿತ ಹಾಕಿದೆ. ಯಾರೋ ದಾಸರದ್ದು ಅಂತ ಎಲ್ಲರೂ ಕೈಮುಗಿದು ಕೇಳಿದ್ರು. ಇಲ್ಲಿಯಾದ್ರೂ ನನ್ನ ಹೆಸರಲ್ಲಿ ಇರ್ಲಿ ಅಂತ ಆಸೆ."

ನನಗೆ ಹೆಮ್ಮೆಯೂ ಆಯಿತು, ಅಜ್ಜಿಯ ಮೇಲೆ ಸಿಟ್ಟೂ ಬಂತು. ಗಾಡಿ ಜೋರಾಗಿ ಓಡಿಸಿದೆ.

ಸಂಗತಿ ಕೇಳಿ ಜರ್ಮನ್ ಮುದುಕರು ಹಣೆ ಚಚ್ಚಿಕೊಂಡರು. ಕೃಷ್ಣನನ್ನು ಹೊಡೆದುಹಾಕಿ, ಪೆನ್ನು ಹಿಡಿದು, ಅಮ್ಮನ ಹೆಸರು ಕೇಳಿದರು. ನಾನು ಹೇಳತೊಡಗಿದ್ದೆನಷ್ಟೆ, ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಅದಲ್ಲ," ಎಂದು, ಬೇರೊಂದು ಹೆಸರನ್ನು ಅವಳೇ ನಿಧಾನವಾಗಿ ಬಿಡಿಸಿ ಹೇಳಿದಳು.

"ಅದ್ಯಾರಮ್ಮ?"

"ನಾನೇ. ನಿಮಗೆಲ್ಲ ಗೊತ್ತಿರುವುದು ಮದುವೆ ದಿನ ನಿನ್ನ ಅಪ್ಪನ ಮನೆಯವರು ಅಕ್ಕಿಯಲ್ಲಿ ಬರೆಸಿ ಇಟ್ಟ ಹೆಸರು."

ಮುದುಕರು ಕಾರ್ಡನ್ನು ನನ್ನತ್ತ ತಿರುಗಿಸಿ, ಸ್ಪೆಲ್ಲಿಂಗ್ ಸರಿಯಿದೆಯೇ ಎಂದು ಕೇಳಿದರು. ನಾನು ಅಮ್ಮನನ್ನು ಕೇಳಬೇಕಾಯಿತು.