ಪಾದೆಗುಡ್ಡೆಯ ಚುಕ್ಕೆಗಳು

"ಅದು ಆಗುವ ಕೆಲಸ ಅಲ್ಲ" ಎಂದು ಯಾರಾದರೂ ಹೇಳಿದರೆ ಸಾಕು, ಜಸ್ನಾಳಿಗೆ ಹಟ ಹುಟ್ಟುತ್ತಿತ್ತು. ಪದವಿಗೆ ಭೂಗೋಳ ತೆಗೆದುಕೊಂಡಾಗ ವಿಟ್ಲದ ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳಿದ್ದರು. ಕಂಪ್ಯೂಟರಿನಲ್ಲಿ ನಕ್ಷೆ ಮಾಡಲು ಕಲಿಯುತ್ತೇನೆಂದು ದಿನಾ ಮಂಗಳೂರಿನ ಬಸ್ಸು ಹತ್ತತೊಡಗಿದಾಗಲೂ ಹೇಳಿದರು. ಅವಳು ಕಲಿತೇ ಬಂದಳು. ಮೂಡುಬಿದಿರೆಯ ಒಂದು ಸರ್ವೆ ಕಂಪೆನಿಯಲ್ಲಿ ಕೆಲಸವೂ ಸಿಕ್ಕಿತು.

ಅಲ್ಲಿ ಅವಳ ಮೇಲಿನವರು ಅರಿಹಂತ್. ಮಾತು ಮೃದು, ಅವಸರ ಜಾಸ್ತಿ. ಮಡಂತ್ಯಾರಿನಿಂದ ಒಳಗಿನ ಒಂದು ಪಂಚಾಯತಿಗೆ ಕುಡಿಯುವ ನೀರಿನ ಪೈಪು ಹಾಕಲು ನಕ್ಷೆ ಬೇಕಾಗಿತ್ತು. ಆ ಕೆಲಸ ಜಸ್ನಾಳ ಪಾಲಿಗೆ ಬಂತು.

ಒಂದು ಕಡೆ ನಕ್ಷೆ. ಅದರಲ್ಲಿ ಮನೆಗೊಂದು ಚುಕ್ಕೆ. ಇನ್ನೊಂದು ಕಡೆ ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ತುಂಬಿಸಿದ ಎಕ್ಸೆಲ್ ಪಟ್ಟಿ. ಅದರಲ್ಲಿ ಯಜಮಾನರ ಹೆಸರು, ಎಷ್ಟು ಜನ, ನೀರು ಎಲ್ಲಿಂದ. ಮನೆ ನಂಬರು ಹಿಡಿದು ಎರಡನ್ನೂ ಜೋಡಿಸಿದರೆ ಪ್ರತಿ ಚುಕ್ಕೆಗೂ ಅದರ ಸಂಸಾರ ಅಂಟಿಕೊಳ್ಳುತ್ತದೆ. ಜಸ್ನಾ ಜೋಡಿಸಿದಳು. ಊರೆಲ್ಲ ಸರಿಯಾಗಿ ಕೂತಿತು, ಪಾದೆಗುಡ್ಡೆ ಎಂಬ ಕೇರಿಯೊಂದನ್ನು ಬಿಟ್ಟು. ಅಲ್ಲಿನ ಮನೆಗಳಿಗೆ ನಂಬರೇ ಇರಲಿಲ್ಲ. ನಕ್ಷೆಯಲ್ಲಿ ಹೆಸರಿಲ್ಲದ ಚುಕ್ಕೆಗಳು ಉಳಿದವು, ಪಟ್ಟಿಯಲ್ಲಿ ಚುಕ್ಕೆಯಿಲ್ಲದ ಹೆಸರುಗಳು.

"ಅಳಿಸು ಮಾರಾಯ್ತಿ. ಅದು ಮನೆಯೋ ದನದ ಹಟ್ಟಿಯೋ ಯಾರಿಗೆ ಗೊತ್ತು?" ಎಂದರು ಅರಿಹಂತ್.

"ಪಟ್ಟಿಯಲ್ಲಿ ಜನ ಉಂಟಲ್ಲ ಸರ್."

"ಎಂಜಿನಿಯರು ಪಟ್ಟಿ ನೋಡುವುದಿಲ್ಲ, ನಕ್ಷೆ ನೋಡ್ತಾರೆ."

"ಅದಕ್ಕೇ ಅಳಿಸುವುದಿಲ್ಲ."

ಮರುದಿನ ಸ್ಕೂಟರ್ ಹತ್ತಿ ಗುಡ್ಡೆಗೆ ಹೋದಳು. ದಾರಿಯಲ್ಲೇ, ಕೆಳಗೆ ಹರಿಯುವ ತೋಡಿನಿಂದ ನೀರು ತುಂಬಿ ತಲೆಯ ಮೇಲೆ ಕೊಡ ಹೊತ್ತ ಹೆಂಗಸರು ಸಿಕ್ಕಿದರು. ಮೇಲೆ ಮಾಯಿಲಪ್ಪ ಎಂಬ ಹಿರಿಯರು ಬುಟ್ಟಿ ಹೆಣೆಯುತ್ತಾ ಕೂತಿದ್ದರು.

"ನಂಬರು ಬೇಕಾದರೆ ಹಕ್ಕುಪತ್ರ ತಾ ಅಂತಾರೆ ಪಂಚಾಯತಿಯವರು, ಮಗಾ. ಅದನ್ನು ಕೇಳಿದರೆ ಇದು ಸರಕಾರದ ಜಾಗ ಅಂತಾರೆ. ನಾನು ಹುಟ್ಟಿದ್ದೇ ಇಲ್ಲಿ."

ಜಸ್ನಾ ಯೋಚಿಸಿದಳು. ಜೋಡಿಸಲಿಕ್ಕೆ ಸರಕಾರದ ನಂಬರೇ ಆಗಬೇಕೆಂದು ಎಲ್ಲಿಯೂ ಇಲ್ಲ. ನಕ್ಷೆಯಲ್ಲೂ ಪಟ್ಟಿಯಲ್ಲೂ ಒಂದೇ ಗುರುತು ಇದ್ದರಾಯಿತು. "ಹಾಗಾದರೆ ನಾವೇ ನಂಬರು ಕೊಡುವ, ಮಾಯಿಲಪ್ಪಣ್ಣ" ಎಂದಳು. ಅವರು ಸುಣ್ಣ ಕಲಸಿ ತಂದರು. ಪ್ರತಿ ಬಾಗಿಲ ಪಕ್ಕ 'ಪಾದೆ' ಎಂದು ಬರೆದು ಮುಂದೊಂದು ಅಂಕಿ ಹಾಕಿದರು. ಅದೇ ಗುರುತನ್ನು ಅವಳು ಫೋನಿನ ನಕ್ಷೆಯಲ್ಲೂ ಪಟ್ಟಿಯಲ್ಲೂ ತುಂಬುತ್ತಾ ಬಂದಳು. ಆಫೀಸಿಗೆ ಹೋಗಿ ಮತ್ತೆ ಜೋಡಿಸಿದಾಗ ಗುಡ್ಡೆಯ ಚುಕ್ಕೆಗಳಿಗೂ ಹೆಸರು ಅಂಟಿ ಬಣ್ಣ ಬಂತು.

ಅರಿಹಂತ್ ಒಪ್ಪಲಿಲ್ಲ. "ನೀನು ಬರೆದ ನಂಬರಿಗೆ ಏನು ಬೆಲೆ? ನಾಳೆ ತಪ್ಪು ಕಂಪೆನಿಯ ಮೇಲೆ ಬರ್ತದೆ" ಎಂದು ಗುಡ್ಡೆಯನ್ನು ತೆಗೆದೇ ನಕ್ಷೆಯನ್ನು ಪಂಚಾಯತಿಗೆ ಕಳಿಸಿದರು. ಅದು ಗ್ರಾಮಸಭೆಯ ಒಪ್ಪಿಗೆಗೆ ಬರುವುದಿತ್ತು.

"ಗ್ರಾಮಸಭೆಯಲ್ಲಿ ನಾನು ಎದ್ದು ಹೇಳ್ತೇನೆ ಸರ್. ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ."

"ಹೇಳಿದರೆ ಕೆಲಸ ಇರುವುದಿಲ್ಲ."

"ಇಲ್ಲದಿದ್ದರೆ ಇಲ್ಲ."

ಸಭೆಯ ದಿನ ಪರದೆಯ ಮೇಲೆ ಪೈಪಿನ ನೀಲಿ ಗೆರೆ ಗುಡ್ಡೆಯ ಬುಡದಲ್ಲೇ ನಿಂತಿತ್ತು. ಜಸ್ನಾ ಎದ್ದಳು. "ಈ ನಕ್ಷೆ ಮಾಡಿದ್ದು ನಾನು. ಇದು ಅರ್ಧ ಮಾತ್ರ."

ಮುಂದಿನ ಸಾಲಿನವರೊಬ್ಬರು ತಿರುಗಿದರು. "ನೀವು ಈ ಊರಿನವರಾ?"

"ಅಲ್ಲ, ವಿಟ್ಲದವಳು. ಊರಿನವರು ಅಲ್ಲಿ ಹಿಂದೆ ನಿಂತಿದ್ದಾರೆ."

ತನ್ನ ಲ್ಯಾಪ್‌ಟಾಪ್ ಜೋಡಿಸಿ ಇಡೀ ನಕ್ಷೆ ತೆರೆದಳು. ಒಂದು ಚುಕ್ಕೆ ಒತ್ತಿದಳು. ಮಾಯಿಲಪ್ಪ, ಐದು ಜನ, ನೀರು ತೋಡಿನಿಂದ. ಹಿಂದೆ ಮಾಯಿಲಪ್ಪ ಕೈ ಎತ್ತಿದರು. ಇನ್ನೊಂದು ಚುಕ್ಕೆ, ಇನ್ನೊಂದು ಕೈ. ಸ್ವಲ್ಪ ಹೊತ್ತಿನಲ್ಲಿ ಅವಳು ಒತ್ತುವ ಮೊದಲೇ ಜನ ತಮ್ಮ ಹೆಸರು ತಾವೇ ಕೂಗಿ ಹೇಳತೊಡಗಿದರು. ಗುಡ್ಡೆಯನ್ನು ಸೇರಿಸದೆ ನಕ್ಷೆ ಒಪ್ಪುವುದಿಲ್ಲವೆಂದು ಸಭೆ ನಿರ್ಣಯ ಮಾಡಿತು.

ಜಸ್ನಾಳ ಕೆಲಸ ಅದೇ ವಾರ ಹೋಯಿತು. ಮನೆಯಲ್ಲಿ ತಾಯಿ ಬೀಬಿ "ಇನ್ನು ಮುಂದೆ?" ಎಂದು ಕೇಳಿದರು, ಅಷ್ಟೆ. ಅವಳು ಮಡಂತ್ಯಾರಿನಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ ಹಿಡಿದು ತಾನೇ ನಕ್ಷೆ ಮಾಡಿಕೊಡಲು ಕೂತಳು. ಮೊದಮೊದಲು ಯಾರೂ ಬರಲಿಲ್ಲ.

ಮಳೆ ಮುಗಿದ ಮೇಲೆ ಪೈಪು ಗುಡ್ಡೆ ಹತ್ತಿತು. ಆ ಹೊತ್ತಿಗೆ ಅರಿಹಂತರ ಫೋನು ಬಂತು. ಬೆಳ್ತಂಗಡಿ ಕಡೆಯ ಕೆಲಸ ಉಂಟು, ಅಲ್ಲಿಯೂ ನಂಬರಿಲ್ಲದ ಮನೆಗಳು, ಬರ್ತೀಯಾ ಎಂದರು.

"ಬರ್ತೇನೆ ಸರ್. ಆದರೆ ಜೋಡಣೆಯಾಗದ ಮನೆಗಳನ್ನು ಕೆಂಪು ಬಣ್ಣದಲ್ಲಿ ಹಾಗೆಯೇ ಇಡ್ತೇನೆ. ಯಾರೂ ಮುಟ್ಟಬಾರದು."

ಅವರು "ಸೋಮವಾರ ಬಾ" ಎಂದರು.