ಥಂಡಿಯಕ್ಕನ ಬೀಗದ ಕೈ

ಥಂಡಿಯಕ್ಕನ ತಾತ ಮಂಜುಗಡ್ಡೆ ಗಾಡಿಯವನು. ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಮೇಲೆ ಒದ್ದೆ ಗೋಣಿ ಹೊದಿಸಿ, ಕಾರ್ಖಾನೆಯಿಂದ ದೊಡ್ಡಾಸ್ಪತ್ರೆಗೆ ಹನ್ನೊಂದು ಮೈಲಿ ಸಾಗಿಸುತ್ತಿದ್ದ. ಬೇರೆಯವರ ಗಡ್ಡೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸವೆದ ಸೋಪಿನ ತುಂಡಾಗಿರುತ್ತಿತ್ತು. ಇವನದು ಅಂಚು ಮುಕ್ಕಾಗದೆ ಇಳಿಯುತ್ತಿತ್ತು. ಒಂದು ಬೇಸಿಗೆ, ಊರಿಗೆ ಊರೇ ಜ್ವರ ಹಿಡಿದು ಮಲಗಿದ್ದಾಗ, ಕುದುರೆ ದಾರಿಯಲ್ಲೇ ಕಾಲು ಮುರಿದುಕೊಂಡಿತು. ಪುಣ್ಯಾತ್ಮ ಗಾಡಿಗೆ ತಾನೇ ಹೆಗಲು ಕೊಟ್ಟು ಎಳೆದ.

ಅವನ ಮಗ, ಅಂದರೆ ಈಕೆಯ ಅಪ್ಪ, ಅದೇ ಕಾರ್ಖಾನೆಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ. ಯಂತ್ರದ ಸದ್ದಿಗೆ ಕಿವಿಗೊಟ್ಟು "ಒಳಗೆ ಎರಡು ಡಿಗ್ರಿ ಏರಿದೆ" ಅನ್ನುತ್ತಿದ್ದ; ಮೀಟರು ನೋಡಿದರೆ ಎರಡೇ ಏರಿರುತ್ತಿತ್ತು. ಅಮೋನಿಯ ಸೋರಿದ ದಿನ ಉಳಿದವರೆಲ್ಲ ಬಿದ್ದೆನೋ ಎದ್ದೆನೋ ಎಂದು ಓಡಿದರೆ, ಆತ ಒದ್ದೆ ಟವಲ್ಲು ಮುಖಕ್ಕೆ ಸುತ್ತಿಕೊಂಡು ಒಳಹೊಕ್ಕು ವಾಲ್ವು ತಿರುಗಿಸಿ ಬಂದ. ಆ ಕೆಮ್ಮು ಸಾಯುವವರೆಗೂ ಬಿಡಲಿಲ್ಲ. ಕಾರ್ಖಾನೆಯವರು ಬೆನ್ನು ತಟ್ಟಿ ಒಂದು ಗೋಡೆ ಗಡಿಯಾರ ಕೊಟ್ಟರು. ಆ ಗಡಿಯಾರ ಇವತ್ತಿಗೂ ಒಂದು ನಿಮಿಷ ಹಿಂದೆ ಮುಂದೆ ಆಗದೆ ಥಂಡಿಯಕ್ಕನ ಮೇಜಿನ ಮೇಲುಗಡೆ ನಡೆಯುತ್ತಿದೆ.

ಇಂಥವನ ಮೊಮ್ಮಗಳ ಮುಂದೆ, ಇಂಥವನ ಮಗಳ ಮುಂದೆ, "ಥಂಡಿ ಕೋಣೆಯ ಬಾಗಿಲು ಹಾಕಲು ಮರೆತೆ" ಎಂದು ಬರೆದ ಕಾಗದ ಹಿಡಿದು ಸಹಿ ಹಾಕು ಎಂದರೆ ಹೇಗಿರಬೇಡ?

ಥಂಡಿಯಕ್ಕ ಔಷಧಿ ಗೋದಾಮಿಗೆ ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಆಗ ಇಪ್ಪತ್ತೆರಡು ವರ್ಷ. ಲಸಿಕೆ ಇಡುವ ಥಂಡಿ ಕೋಣೆಯ ಬೀಗದ ಕೈ ಸೊಂಟಕ್ಕೆ ಬಂದದ್ದು ಮೂವತ್ತೊಂದಕ್ಕೆ. ಅಲ್ಲಿಂದ ಇಪ್ಪತ್ತಾರು ವರ್ಷ ಬೇಸಿಗೆಯಲ್ಲೂ ಉಣ್ಣೆ ಕೋಟು ತೊಟ್ಟು, ಮೂಗು ಕೆಂಪಗೆ ಮಾಡಿಕೊಂಡು ಓಡಾಡಿದ್ದಕ್ಕೆ ಆ ಹೆಸರು ಬಿತ್ತು. ಎರಡು ಡಿಗ್ರಿಗಿಂತ ಕೆಳಗಿಳಿಯಬಾರದು, ಎಂಟು ದಾಟಬಾರದು. ಅಷ್ಟನ್ನು ಕಾಯುವುದೇ ಆಕೆಯ ಬದುಕು.

ಗೋಡೆಯ ಥರ್ಮಾಮೀಟರು ಹೋಗಿ ಲಾಗರ್ ಬಂದದ್ದು ಆರು ವರ್ಷದ ಕೆಳಗೆ. ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ. ಹತ್ತು ನಿಮಿಷಕ್ಕೊಮ್ಮೆ ಥಂಡಿ ಎಷ್ಟಿದೆ ಎಂದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ವಯರು ಸಿಕ್ಕಿಸಿ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ತಿಂಗಳ ಜಾತಕ ಗೆರೆಯಾಗಿ ಮೂಡುತ್ತದೆ. ಕಲಿಸಲು ಬಂದವರು ಅಧಿಕಾರಿಗಳಿಗೆ ಕುರ್ಚಿ ಹಾಕಿ ಕಲಿಸಿದರು. ಥಂಡಿಯಕ್ಕನಿಗೆ ಚಹಾದ ಲೋಟ ಎತ್ತುವ ಕೆಲಸ ಹೇಳಿದರು. ಆಕೆ ಲೋಟ ಎತ್ತುತ್ತಲೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಆಮೇಲೆ ಊಟದ ಬಿಡುವಿನಲ್ಲಿ ಗುಮಾಸ್ತನ ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲಿನ ಒಂದೊಂದು ಇಂಗ್ಲಿಷ್ ಪದವನ್ನೂ ಕನ್ನಡ ಅಕ್ಷರದಲ್ಲಿ ನೋಟುಬುಕ್ಕಿಗೆ ಇಳಿಸಿ, ಒತ್ತಿದರೆ ಏನಾಗುತ್ತದೆ ಎಂದು ಪಕ್ಕದಲ್ಲಿ ಬರೆದಳು. 'ಇಂಟರ್ವಲ್: ಎಷ್ಟು ಹೊತ್ತಿಗೊಮ್ಮೆ ಬರೀಬೇಕು.' 'ಅಲಾರಂ ಲಿಮಿಟ್: ಎರಡು, ಎಂಟು. ತುಂಬದಿದ್ರೆ ಕೆಂಪು ದೀಪ ಹತ್ತಲ್ಲ.' ಅದರ ಕೆಳಗೆ ಎರಡು ಗೆರೆ ಎಳೆದು, 'ಸ್ಟಾರ್ಟ್ ಒತ್ತೋ ಮುಂಚೆ ಕಂಪ್ಯೂಟರ್ ಟೈಮು, ಅಪ್ಪನ ಗಡಿಯಾರ ಎರಡೂ ನೋಡು. ಕಂಪ್ಯೂಟರ್ ಹೇಳಿದ್ದೇ ಟೈಮು ಅಂತ ಡಬ್ಬಿ ನಂಬುತ್ತೆ.'

ಆರು ವರ್ಷದಲ್ಲಿ ಒಂದೇ ಒಂದು ತಿಂಗಳು ಆಕೆ ಲಾಗರ್ ಹೂಡಲಿಲ್ಲ, ಅಂದರೆ ಟೈಮು ತುಂಬಿ ಸ್ಟಾರ್ಟ್ ಒತ್ತಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಹದಿನೈದು ದಿನ ರಜೆಯಲ್ಲಿದ್ದಳು. ಹತ್ತನೇ ತಾರೀಕು ಮ್ಯಾನೇಜರ್ ತಾನೇ ತನ್ನ ಲ್ಯಾಪ್‌ಟಾಪಿನಿಂದ ಹೂಡಿದ. ಆತ ಹೊರದೇಶಕ್ಕೆ ತರಬೇತಿಗೆ ಹೋಗಿ ಅದೇ ವಾರ ಬಂದಿಳಿದಿದ್ದ. ಹದಿನಾಲ್ಕಕ್ಕೆ ಥಂಡಿಯಕ್ಕ ಕೆಲಸಕ್ಕೆ ಮರಳಿದಾಗ, "ಲಾಗರ್ ನಾನೇ ನೋಡ್ಕೋತೀನಿ, ನಿಮಗ್ಯಾಕೆ ಈ ವಯಸ್ಸಲ್ಲಿ" ಎಂದು ವಯರನ್ನೂ ತನ್ನ ಡ್ರಾಯರಿಗೆ ಹಾಕಿಕೊಂಡ.

ಅದೇ ತಿಂಗಳ ಕೊನೆಯ ದಿನ ಮುಖ್ಯ ಕಚೇರಿಯಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದಳು. ಎಲ್ಲರೂ ಮೇಡಂ ಅನ್ನುತ್ತಿದ್ದರು. ಮ್ಯಾನೇಜರ್ ಲಾಗರಿನ ಗೆರೆ ತೆರೆದು ತೋರಿಸಿದರೆ, ಹದಿನೆಂಟನೇ ತಾರೀಕು ಬೆಳಿಗ್ಗೆ ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಹತ್ತರವರೆಗೆ ಒಳಗಿನ ಕಾವು ಹದಿನಾಲ್ಕಕ್ಕೆ ಏರಿದೆ! ಥಂಡಿಯಕ್ಕನ ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಇನ್ನು ಕೇಳಬೇಕೆ? ಅರ್ಧ ಗಂಟೆಯಲ್ಲಿ ಕಾಗದ ಸಿದ್ಧವಾಯಿತು. ತಪ್ಪೊಪ್ಪಿಗೆ ಒಂದು ಹಾಳೆ, ಅದಕ್ಕೆ ಪಿನ್ನು ಹೊಡೆದ ಗೆರೆಯ ಪ್ರಿಂಟು ಇನ್ನೊಂದು. ಸಹಿ ಹಾಕಿ ಬೀಗದ ಕೈ ಒಪ್ಪಿಸಬೇಕು. ನಿವೃತ್ತಿಗೆ ಉಳಿದ ಐದು ತಿಂಗಳು ಖಾಲಿ ರಟ್ಟಿನ ಪೆಟ್ಟಿಗೆ ಮಡಿಸುವ ವಿಭಾಗದಲ್ಲಿ ಕೂರಬೇಕು.

"ನಾನು ಬಾಗಿಲು ತೆರೆದಿಟ್ಟಿಲ್ಲ" ಎಂದಳು ಥಂಡಿಯಕ್ಕ.

"ಮಷೀನು ಸುಳ್ಳು ಹೇಳುತ್ತಾ ಅಮ್ಮ?" ಮ್ಯಾನೇಜರ್ ನಕ್ಕ. "ವಯಸ್ಸಾಯ್ತು, ಮರೆವು ಸಹಜ. ಬೈತಾ ಇಲ್ಲ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮರುಕ ಕೇಳಿ ಮೈಯೆಲ್ಲ ಉರಿದುಹೋಯಿತು. ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿ, ಕಾಗದ ಕಿತ್ತುಕೊಂಡು ತನ್ನ ಕೋಣೆಗೆ ಬಂದಳು. ಕೋಣೆ ಎಂದರೆ ಥಂಡಿ ಕೋಣೆಯ ಬಾಗಿಲಿನ ಪಕ್ಕದ ಗೂಡು: ಒಂದು ಮೇಜು, ಒಂದು ಸ್ಟೂಲು, ನೀರು ಕಾಯಿಸುವ ಕೆಟಲ್ಲು, ಅಪ್ಪನ ಗಡಿಯಾರ.

ಹಿಂದೆಯೇ ತಮ್ಮ ಬಂದ. ಗೋದಾಮಿನ ವ್ಯಾನು ಓಡಿಸುವವನು. ಅವನಿಗೆ ಕೆಲಸ ಕೊಡಿಸಿದ್ದೂ ಥಂಡಿಯಕ್ಕನೇ.

"ಸಹಿ ಹಾಕಿ ಕೈ ತೊಳ್ಕೊಳ್ಳೇ ಅಕ್ಕ. ಐದು ತಿಂಗಳು ತಾನೆ? ಪೆಟ್ಟಿಗೆ ಮಡಚ್ಕೊಂಡು ಬೆಚ್ಚಗೆ ಕೂತಿರು."

"ನಿನ್ನ ತಲೆ ಮೇಲೆ ಗೂಬೆ ಕೂರ್ಸಿದ್ರೆ ನೀನು ಬೆಚ್ಚಗೆ ಕೂರ್ತಿದ್ಯೇನೋ?"

"ನಾನಾಗಿದ್ರೆ ಗೂಬೆಗೂ ಒಂದು ಟೋಪಿ ಹಾಕಿ ಕೂರ್ಸ್ಕೋತಿದ್ದೆ. ದೊಡ್ಡವರ ಹತ್ರ ಜಗಳ ಯಾಕೆ?"

"ಅಪ್ಪ ಅವತ್ತು ಹಂಗಂದುಕೊಂಡಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ. ನಮ್ಮ ಮನೆ ಇದ್ದಿದ್ದು ಆ ಕಾರ್ಖಾನೆ ಗೋಡೆಗೆ ಒತ್ಕೊಂಡೇ. ತೊಲಗು ಅತ್ಲಾಗೆ!"

ತಮ್ಮ ತೊಲಗಲಿಲ್ಲ, ಬಾಗಿಲ ಚೌಕಟ್ಟಿನ ಬಣ್ಣ ಉಗುರಿನಿಂದ ಕೆರೆಯುತ್ತ ನಿಂತ. ಥಂಡಿಯಕ್ಕ ಹಾಳೆ ಹರಿದು ಎಸೆಯಬೇಕೆಂದು ಎತ್ತಿದವಳು, ಹರಿಯುವ ಮುನ್ನ ಹೊಸ ಕಣ್ಣಿಂದ ಗೆರೆಯ ಮೇಲೆ ಒಮ್ಮೆ ನೋಟ ಹರಿಸಿದಳು. ಕೈ ಅಲ್ಲೇ ನಿಂತಿತು.

ದಿನಾ ಬೆಳಿಗ್ಗೆ ಆರೂವರೆಗೆ ವ್ಯಾನಿಗೆ ಲಸಿಕೆ ತುಂಬುತ್ತಾರೆ. ಕಾಲು ಗಂಟೆ ಬಾಗಿಲು ತೆರೆದುಕೊಂಡು ಮುಚ್ಚಿಕೊಂಡು ಆಗುತ್ತದೆ. ಗೆರೆಯಲ್ಲಿ ಆರೂವರೆಗೆ ಒಂದು ಸಣ್ಣ ಗುಬುಟು ಏಳುತ್ತದೆ. ಆರು ವರ್ಷದಿಂದ ಪ್ರತಿ ತಿಂಗಳೂ ನೋಡಿದ ಗುಬುಟು. ಈ ಹಾಳೆಯಲ್ಲಿ ಆರೂವರೆಗೆ ಗೆರೆ ನೆಟ್ಟಗೆ ಮಲಗಿತ್ತು. ಗುಬುಟು ಎದ್ದದ್ದು ನಡುರಾತ್ರಿ ಕಳೆದ ಎರಡು ಗಂಟೆಗೆ. ಹನ್ನೊಂದನೇ ತಾರೀಕಿನಿಂದ ಇವತ್ತಿನವರೆಗೆ ಒಂದು ದಿನವೂ ತಪ್ಪಿಲ್ಲ!

ಥಂಡಿಯಕ್ಕ ಬಾಣದ ಹಾಗೆ ಮ್ಯಾನೇಜರನ ಕೋಣೆಗೆ ನುಗ್ಗಿದಳು. ತಮ್ಮನೂ ಓಡಿ ಬಂದ.

"ಮೇಡಂ, ದಿನಾ ರಾತ್ರಿ ಎರಡು ಗಂಟೆಗೆ ಬೀಗ ಹಾಕಿದ ಗೋದಾಮಲ್ಲಿ ಯಾವ ದೆವ್ವ ಬಂದು ನನ್ನ ಬಾಗಿಲು ತೆಗೆಯುತ್ತೆ, ಸ್ವಲ್ಪ ಇವರನ್ನ ಕೇಳಿ."

ಮೇಡಂ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಥಂಡಿಯಕ್ಕ ತಾನು ಹೂಡಿದ್ದ ಹಿಂದಿನ ತಿಂಗಳ ಪ್ರಿಂಟನ್ನು ಪಕ್ಕಕ್ಕಿಟ್ಟು ಬೆರಳಿಟ್ಟು ತೋರಿಸಿದಳು. ಅಲ್ಲಿ ಗುಬುಟು ಆರೂವರೆಗೆ, ಇಲ್ಲಿ ಎರಡಕ್ಕೆ. "ನಾಲ್ಕೂವರೆ ಗಂಟೆ ಹಿಂದಿದೆ. ಇವರ ಲ್ಯಾಪ್‌ಟಾಪು ಮೈ ತಂದು ಇಲ್ಲಿಳಿಸಿ, ಟೈಮು ಮಾತ್ರ ಆ ದೇಶದಲ್ಲೇ ಬಿಟ್ಟುಬಂದಿತ್ತು. ಅದನ್ನೇ ಡಬ್ಬಿಗೆ ತುಂಬಿದ್ದಾರೆ."

"ಏನಮ್ಮ ಮಾತಾಡ್ತಿದ್ದೀರಿ?" ಮ್ಯಾನೇಜರ್ ಲ್ಯಾಪ್‌ಟಾಪನ್ನು ತಿರುಗಿಸಿ ತೋರಿಸಿದ. ಮೂಲೆಯಲ್ಲಿ ಹನ್ನೊಂದು ಐವತ್ತು, ಸರಿಯಾದ ಸಮಯವೇ. "ಕಣ್ಣು ಆಪರೇಷನ್ ಆದ್ಮೇಲೂ ಕಾಣಿಸ್ತಿಲ್ವಾ?"

"ಇವತ್ತು ಸರಿಯಿದೆ ಸಾರ್. ಯಾವತ್ತು ಸರಿಮಾಡಿದ್ರಿ?"

ಮ್ಯಾನೇಜರ್ ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡ.

"ಕಂಪ್ಯೂಟರು ಆಮೇಲೆ ಸರಿಹೋದ್ರೂ ಡಬ್ಬಿಗೆ ಗೊತ್ತಾಗಲ್ಲ. ಹೂಡಿದ ದಿನ ಕಿವಿಯಲ್ಲಿ ಹೇಳಿದ್ದನ್ನೇ ಹಿಡ್ಕೊಂಡಿರುತ್ತೆ. ಅದಿನ್ನೂ ಓಡ್ತಿದೆ, ನಿಲ್ಸಬೇಡಿ. ಕೊಡಿ ಇಲ್ಲಿ."

ಎಲ್ಲರೂ ಆಕೆಯ ಗೂಡಿಗೆ ಬಂದರು. ಥಂಡಿಯಕ್ಕ ಲಾಗರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದಳು. ಕೆಟಲ್ಲಿನ ಬಿಸಿನೀರನ್ನು ಪಾತ್ರೆಗೆ ಬಗ್ಗಿಸಿ, ಕೈ ಸುಡದಷ್ಟು ತಣ್ಣೀರು ಬೆರೆಸಿದಳು. ಅಪ್ಪನ ಗಡಿಯಾರ ಹನ್ನೆರಡು ಹೊಡೆಯುತ್ತಲೇ ಡಬ್ಬಿಯನ್ನು ಮುಳುಗಿಸಿದಳು. "ಮೇಡಂ, ನಿಮ್ಮ ವಾಚು ನೋಡ್ಕೊಳ್ಳಿ. ಸಾರ್, ನೀವು ನಿಮ್ಮ ಫೋನು ನೋಡ್ಕೊಳ್ಳಿ. ನಾಳೆ ನನ್ನ ಗಡಿಯಾರಕ್ಕೂ ಮರೆವು ಅಂದುಬಿಟ್ಟೀರಿ."

ಇಪ್ಪತ್ತು ನಿಮಿಷ ಕಾಯಬೇಕಿತ್ತು. ಮೂವರು ನಿಲ್ಲಲೂ ಜಾಗವಿಲ್ಲದ ಗೂಡಿನಲ್ಲಿ ನಾಲ್ವರು ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ನಿಂತರು. ಮ್ಯಾನೇಜರ್ ಸ್ಟೂಲಿನ ಮೇಲೆ ಕೂರಲು ಹೋದ. "ಅದು ನಂದು" ಎಂದಳು ಥಂಡಿಯಕ್ಕ. ಆತ ನಿಂತೇ ಇದ್ದ. ತಮ್ಮ ಆ ಸ್ಟೂಲನ್ನು ಒಮ್ಮೆ ನೋಡಿ ಕಣ್ಣು ತಪ್ಪಿಸಿದ. ಆಕೆ ಅದನ್ನು ಗಮನಿಸಿದಳು.

ಹನ್ನೆರಡು ಇಪ್ಪತ್ತಕ್ಕೆ ಡಬ್ಬಿ ತೆಗೆದು, ಒರೆಸಿ, ವಯರು ಸಿಕ್ಕಿಸಿದರು. ಈ ಸಲ ಮೇಡಂ ತಾನೇ ಕೂತು ತೆರೆದಳು. ಗೆರೆ ನಾಲ್ಕರ ಆಸುಪಾಸಿನಲ್ಲಿ ಮಲಗಿ ಬಂದು, ಡಬ್ಬಿ ಹೊರಗೆ ತೆಗೆದಲ್ಲಿ ಒಂದು ಮೆಟ್ಟಿಲು ಹತ್ತಿ, ಕೊನೆಯಲ್ಲಿ ಗೋಡೆ ಹತ್ತಿದ ಹಾಗೆ ಸರ್ರನೆ ಮೇಲೇರಿತ್ತು. ಆ ಗೋಡೆಯ ಕೆಳಗೆ ಬರೆದಿದ್ದ ಸಮಯ, ಬೆಳಿಗ್ಗೆ ಏಳೂವರೆ.

ಮೇಡಂ ತನ್ನ ವಾಚು ನೋಡಿದಳು. ಪರದೆ ನೋಡಿದಳು. ಆಮೇಲೆ ಮ್ಯಾನೇಜರನನ್ನು ನೋಡಿದಳು. "ಹಾಗಾದ್ರೆ ಹದಿನೆಂಟನೇ ತಾರೀಕು ಬಾಗಿಲು ತೆರೆದಿದ್ದು ಮಧ್ಯಾಹ್ನ ಮೂರು ಐವತ್ತಕ್ಕೆ. ಆಗ ಇಲ್ಲಿ ಯಾರಿದ್ರು?"

ಮ್ಯಾನೇಜರ್ ಕೈವಸ್ತ್ರ ಹುಡುಕತೊಡಗಿದ. ತಮ್ಮ ನೆಲ ನೋಡುತ್ತ ಹೇಳಿದ: "ಅತಿಥಿಗಳು ಬಂದಿದ್ರು ಮೇಡಂ. ವ್ಯಾನಲ್ಲಿ ನಾನೇ ಕರ್ಕೊಂಡು ಬಂದೆ. ಬಾಗಿಲ ಹತ್ರ ಲಾಗರ್ ಇರೋ ಹೊಸ ಕಪಾಟಿನ ಮುಂದೆ ಫೋಟೋ ತೆಗೆಸ್ಕೊಂಡ್ರು. ಸಾರ್ ತಮ್ಮ ಹತ್ರ ಇರೋ ಇನ್ನೊಂದು ಬೀಗದ ಕೈಯಿಂದ ತೆಗೆದು, ಬಾಗಿಲಿಗೆ ಏನಾದ್ರೂ ಅಡ್ಡ ಇಡು ಅಂದ್ರು. ನಾನು... ಅಕ್ಕನ ಸ್ಟೂಲು ಇಟ್ಟೆ."

"ಫೋಟೋ!" ಥಂಡಿಯಕ್ಕನ ದನಿ ಗೋದಾಮಿನ ಆ ತುದಿಗೂ ಮುಟ್ಟಿತು. "ಅಲಾರಂ ಲಿಮಿಟ್ಟೂ ತುಂಬಿರ್ಲಿಲ್ಲ ನೀವು, ಅಲ್ವಾ ಸಾರ್? ತುಂಬಿದ್ರೆ ಮಾರನೇ ಬೆಳಿಗ್ಗೆ ಕೆಂಪು ದೀಪ ನೋಡಿ ನಾನು ಆ ಕಪಾಟು ಮುಟ್ತಿರ್ಲಿಲ್ಲ. ಹನ್ನೆರಡು ದಿನ ಅದೇ ಕಪಾಟಿಂದ ನಾನು ಈ ಕೈಯಾರೆ ಎತ್ತಿ ಕೊಟ್ಟಿದ್ದೀನಿ. ಯಾರ ಮಗುವಿಗೆ ಚುಚ್ಚಿದ್ರೋ! ಮರೆವಂತೆ, ವಯಸ್ಸಂತೆ!"

ಮೇಡಂ ತಪ್ಪೊಪ್ಪಿಗೆಯ ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದಳು. ಉಳಿದ ಪೆಟ್ಟಿಗೆಗಳನ್ನು ಪಕ್ಕಕ್ಕಿಟ್ಟು ತಯಾರಿಸಿದವರನ್ನು ಕೇಳಬೇಕು, ಹೊರಗೆ ಹೋದವುಗಳ ಲೆಕ್ಕ ತೆಗೆದು ಆಸ್ಪತ್ರೆಗಳಿಗೆ ಫೋನು ಮಾಡಬೇಕು ಎಂದಳು. ಮ್ಯಾನೇಜರ್ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ತುದಿಯಲ್ಲಿಟ್ಟ. ಕೈಗೆ ಕೊಡುವ ಧೈರ್ಯವಾಗಲಿಲ್ಲ.

"ನಿಮಗೆ ತೊಂದರೆ ಆಗೋದು ಬೇಡ ಅಮ್ಮ," ಎಂದ, ದನಿ ಮೆತ್ತಗೆ ಮಾಡಿಕೊಂಡು. "ಇನ್ಮೇಲೆ ಲಾಗರ್ ಹೂಡೋಕೆ ಒಬ್ಬ ಎಂಜಿನಿಯರನ್ನ ಕರೆಸ್ತೀನಿ."

ಥಂಡಿಯಕ್ಕ ಬೀಗದ ಕೈ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ವಯರು ಕೊಡಿ ಸಾರ್, ಸಾಕು."

ಉಣ್ಣೆ ಕೋಟು ತೊಟ್ಟು ಥಂಡಿ ಕೋಣೆಗೆ ಹೋದಳು. ಆ ಕಪಾಟಿನಲ್ಲಿ ಆರು ಪೆಟ್ಟಿಗೆ ಉಳಿದಿದ್ದವು. ಒಂದೊಂದನ್ನೇ ಇಳಿಸಿ, ಕೆಂಪು ಪಟ್ಟಿ ಅಂಟಿಸಿ, ಆಚೆ ಗೋಡೆಯ ಕಪಾಟಿಗೆ ಸೇರಿಸಬೇಕು. ಎರಡನೆಯದನ್ನು ಎತ್ತುವಾಗ ಮಂಡಿ ಕಟಕ್ಕೆಂದಿತು. ಅವಳು ಹಲ್ಲು ಕಚ್ಚಿದಳು. ಹಿಂದೆ ಬಾಗಿಲು ಸರಿದ ಸದ್ದಾಯಿತು. ತಮ್ಮ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಎರಡೂ ಕೈ ಮುಂದೆ ಚಾಚಿ ನಿಂತಿದ್ದ.

"ಅಕ್ಕ, ತಪ್ಪಾಯ್ತು. ಕೊಡು ಇತ್ಲಾಗೆ. ನಾನು ಹೊರ್ತೀನಿ."

ಥಂಡಿಯಕ್ಕ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಮುಟ್ಟಬೇಡ. ಸ್ಟೂಲು ಇಟ್ಟ ಕೈ ಅದು. ಸಹಿ ಹಾಕಿ ಕೈ ತೊಳ್ಕೋ ಅಂದ ಬಾಯಿನೂ ನಿಂದೇ. ತಾತ ಹನ್ನೊಂದು ಮೈಲಿ ಗಾಡಿ ಎಳೆದ, ನಾನು ಹನ್ನೊಂದು ಹೆಜ್ಜೆ ಹೊರ್ತೀನಿ. ಬಾಗಿಲು ಹಾಕ್ಕೊಂಡು ಹೊರಗೆ ನಿಲ್ಲು, ಥಂಡಿ ಹೋಗ್ತಿದೆ."